ಒಟ್ರಾಂಟೊ ಕೋಟೆಯ ಖಾತೆ ಯಾರ ಹೆಸರಿನಲ್ಲಿತ್ತು?

ಹಾರೆಸ್ ವಾಲ್ಪೋಲನ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಮೊಟ್ಟಮೊದಲ ಗಾತಿಕ್ ಕಾದಂಬರಿ ಎಂದು ಇಂಗ್ಲಿಷ್ ಸಾಹಿತ್ಯದ ಚರಿತ್ರೆ ಬರೆದವರೆಲ್ಲ ಹೇಳುತ್ತಾರೆ. ಪಾಳು ಕೋಟೆ, ನೆಲಮಾಳಿಗೆಯ ಸುರಂಗ, ಆರಿಹೋಗುವ ದೀಪ, ಕತ್ತಲಲ್ಲಿ ಓಡುವ ಹುಡುಗಿ, ಚೌಕಟ್ಟಿನಿಂದ ಇಳಿದು ಬರುವ ಪಟ, ಎಲ್ಲಕ್ಕೂ ಅಲ್ಲೇ ಮೂಲ ಎನ್ನುತ್ತಾರೆ. ಅದು ನಿಜವೇ. ಆದರೆ ಮೈಸೂರಿನ ಸಿವಿಲ್ ಕೋರ್ಟುಗಳಲ್ಲಿ ಪಾಲಿನ ದಾವೆ, ಹಕ್ಕಿನ ದಾವೆ ನಡೆಸಿಯೇ ತಲೆ ನರೆತ ನನ್ನಂಥವನಿಗೆ ಆ ಪುಸ್ತಕ ಬೇರೆ ರೀತಿ ಕಂಡಿತು. ಇಂಗ್ಲಿಷ್ ಎಂ.ಎ. ಓದುತ್ತಿರುವ ಮೊಮ್ಮಗಳ ಪಠ್ಯವಾಗಿ ಅದು ಮನೆಗೆ ಬಂತು. ಓದಿ ಮುಗಿಸಿದಾಗ ಅವಳು, ‘ಹೆದರಿಕೆ ಆಯ್ತಾ ತಾತ?’ ಅಂದಳು. ‘ಹೆದರಿಕೆ ಏನು ಬಂತಮ್ಮ, ಇದು ಟೈಟಲ್ ಸೂಟು’ ಅಂದೆ. ಜೋರಾಗಿ ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ.

ನನ್ನ ಸೀನಿಯರ್ ಒಂದು ಪಾಠ ಕಲಿಸಿದ್ದರು. ಕಕ್ಷಿದಾರ ಅಳಲಿ, ಕೂಗಾಡಲಿ, ನೀನು ಮೊದಲು ವಂಶವೃಕ್ಷ ಬರೆದುಕೋ, ಕಥೆ ಆಮೇಲೆ ಕೇಳು. ಹಾಗೇ ಮಾಡೋಣ. ಮೂಲಪುರುಷ ಅಲ್ಫೊನ್ಸೊ, ಇಟಲಿಯ ಒಟ್ರಾಂಟೊ ಸಂಸ್ಥಾನದ ಒಡೆಯ. ಜೆರುಸಲೇಮಿನ ಕಡೆ ಧರ್ಮಯುದ್ಧಕ್ಕೆ ಹೋದವನು ಅಲ್ಲೇ ತೀರಿಕೊಂಡ. ತೀರಿಕೊಂಡದ್ದಲ್ಲ, ಅವನ ಊಳಿಗದಲ್ಲಿದ್ದ ರಿಕಾರ್ಡೊ ವಿಷ ಹಾಕಿದ. ಆಸ್ತಿಯನ್ನೆಲ್ಲ ದೊರೆ ನನ್ನ ಹೆಸರಿಗೆ ಬರೆದಿದ್ದಾನೆ ಎಂದು ಒಂದು ಸುಳ್ಳು ಉಯಿಲು ಹುಟ್ಟಿಸಿಕೊಂಡ. ವಾಪಸು ಬರುವಾಗ ಸಮುದ್ರದಲ್ಲಿ ಬಿರುಗಾಳಿ ಎದ್ದಿತು. ಪ್ರಾಣ ಉಳಿದರೆ ಒಂದು ಚರ್ಚು, ಎರಡು ಮಠ ಕಟ್ಟಿಸುತ್ತೇನೆಂದು ಸಂತ ನಿಕೊಲಾಸನಿಗೆ ಹರಕೆ ಹೊತ್ತ. ಸಂತ ಕನಸಿನಲ್ಲಿ ಬಂದು ವರ ಕೊಟ್ಟ, ಆದರೆ ಷರತ್ತು ಹಾಕಿಯೇ ಕೊಟ್ಟ: ನಿಜವಾದ ಒಡೆಯ ಕೋಟೆಯೊಳಗೆ ಹಿಡಿಸಲಾರದಷ್ಟು ದೊಡ್ಡವನಾಗಿ ಬೆಳೆಯುವ ತನಕ, ಮತ್ತು ನಿನ್ನ ವಂಶದಲ್ಲಿ ಗಂಡು ಸಂತಾನ ಇರುವ ತನಕ ಸಂಸ್ಥಾನ ನಿನ್ನದು.

ರಿಕಾರ್ಡೊನ ಮಗ ಡಾನ್ ಮ್ಯಾನ್ಯುಯೆಲ್. ಅವನ ಮಗ ಮ್ಯಾನ್‌ಫ್ರೆಡ್, ಈಗ ಸ್ವಾಧೀನದಲ್ಲಿರುವವನು. ಅವನಿಗೆ ಮಟಿಲ್ಡಾ ಎಂಬ ಮಗಳು, ಕಾನ್ರಾಡ್ ಎಂಬ ರೋಗಿಷ್ಟ ಮಗ. ಈ ಕಡೆ, ಅಲ್ಫೊನ್ಸೊ ಸಿಸಿಲಿಯಲ್ಲಿ ಯಾರಿಗೂ ತಿಳಿಯದ ಹಾಗೆ ಮದುವೆಯಾಗಿದ್ದ. ಆ ಹೆಂಡತಿಗೆ ಹುಟ್ಟಿದ ಮಗಳನ್ನು ಫಾಲ್ಕನಾರಾದ ಕೌಂಟ್ ಮದುವೆಯಾದ. ಹೆಂಡತಿ ಮಕ್ಕಳು ಕೈತಪ್ಪಿ ಹೋದ ಮೇಲೆ ಅವನು ಜೆರೋಮ್ ಎಂಬ ಪಾದ್ರಿಯಾಗಿ ಒಟ್ರಾಂಟೊದ ಮಠದಲ್ಲೇ ಇದ್ದಾನೆ. ಅವನ ಮಗ ಥಿಯೊಡೋರ್ ಹಳ್ಳಿ ಹೈದನ ವೇಷದಲ್ಲಿ ಊರಲ್ಲೇ ಓಡಾಡಿಕೊಂಡಿದ್ದಾನೆ. ಇದಲ್ಲದೆ, ಅಲ್ಫೊನ್ಸೊಗೆ ರಕ್ತಸಂಬಂಧದಲ್ಲಿ ಹತ್ತಿರದವನು ನಾನೇ ಎಂದು ತಕರಾರು ತೆಗೆದಿರುವ ಫ್ರೆಡರಿಕ್ ಒಬ್ಬ. ಅವನ ಮಗಳು ಇಸಬೆಲ್ಲಾ.

ಇಷ್ಟು ಬರೆದುಕೊಂಡರೆ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮ್ಯಾನ್‌ಫ್ರೆಡ್ ಅವಸರವಸರವಾಗಿ ಮಗನಿಗೆ ಇಸಬೆಲ್ಲಾಳನ್ನು ತಂದುಕೊಳ್ಳಲು ಹೊರಟಿದ್ದು ಯಾಕೆ? ಎದುರಾಳಿಯ ಹಕ್ಕನ್ನು ಮದುವೆಯ ಮೂಲಕ ಮನೆಯೊಳಕ್ಕೇ ಎಳೆದುಕೊಳ್ಳಲು. ನಾವು ಇದನ್ನು ರಾಜಿ ಅನ್ನುತ್ತೇವೆ. ಮದುವೆಯ ದಿನ ಅಂಗಳಕ್ಕೆ ಕಪ್ಪು ಗರಿಗಳ ಕುಚ್ಚಿರುವ ದೈತ್ಯ ಶಿರಸ್ತ್ರಾಣವೊಂದು ಬಿದ್ದು ಕಾನ್ರಾಡ್ ಅದರಡಿ ಅಪ್ಪಚ್ಚಿಯಾಗುತ್ತಾನೆ. ಗಂಡು ಸಂತಾನದ ಷರತ್ತು ಅಲ್ಲಿಗೆ ಮುರಿಯಿತು. ಮ್ಯಾನ್‌ಫ್ರೆಡ್ ಮಗನಿಗಾಗಿ ಅಳುವುದಿಲ್ಲ. ಹೆಂಡತಿ ಹಿಪ್ಪೊಲಿಟಾಳನ್ನು ಬಿಟ್ಟು, ಸೊಸೆಯಾಗಬೇಕಿದ್ದವಳನ್ನು ತಾನೇ ಕಟ್ಟಿಕೊಳ್ಳುವ ಯೋಚನೆ ಮಾಡುತ್ತಾನೆ. ವಿಚ್ಛೇದನಕ್ಕೆ ಅವನು ಹೂಡುವ ವಾದ ಏನೆಂದರೆ, ನಾವಿಬ್ಬರೂ ನಿಷಿದ್ಧ ಸಂಬಂಧದೊಳಗೆ ಬರುವವರು, ಆದ್ದರಿಂದ ಈ ಮದುವೆಯೇ ಅನೂರ್ಜಿತ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಈ ಜ್ಞಾನೋದಯ! ಇಂಥ ಅರ್ಜಿಗಳನ್ನು ನಾನೂ ನೋಡಿದ್ದೇನೆ.

ಮಗಳು ಮಟಿಲ್ಡಾ ಕಣ್ಣೆದುರಿಗೇ ಇದ್ದಾಳೆ. ಅವಳು ಲೆಕ್ಕಕ್ಕೇ ಇಲ್ಲ. ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳು ಹುಟ್ಟಿನಿಂದಲೇ ಪಿತ್ರಾರ್ಜಿತದ ಪಾಲುದಾರರು ಎಂದು ಕಾನೂನು ಹೇಳಿದ್ದು 1994ರಲ್ಲಿ, ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಅದಕ್ಕೂ ಮುಂಚಿನ ಪಾಲಿನ ದಾವೆಗಳ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನು ಒಂದು ಮೂಲೆಗೆ ಬರೆದು ಬಿಡುತ್ತಿದ್ದೆವು. ಒಟ್ರಾಂಟೊದಲ್ಲಿ ಮಟಿಲ್ಡಾ ಕೂತಿರುವುದು ಆ ಮೂಲೆಯಲ್ಲೇ.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ಇಸಬೆಲ್ಲಾ ನೆಲಮಾಳಿಗೆಯ ಸುರಂಗದಲ್ಲಿ ಚರ್ಚಿಗೆ ತಪ್ಪಿಸಿಕೊಂಡು ಹೋಗುತ್ತಾಳೆ. ತಾತ ರಿಕಾರ್ಡೊನ ಪಟ ನಿಟ್ಟುಸಿರು ಬಿಟ್ಟು ಗೋಡೆಯಿಂದ ಇಳಿಯುತ್ತದೆ. ನೂರು ಮಂದಿ ಹೊತ್ತು ತಂದ ದೈತ್ಯ ಖಡ್ಗದೊಂದಿಗೆ ಫ್ರೆಡರಿಕ್ ಬರುತ್ತಾನೆ. ಆಳುಗಳು ಒಂದು ಕಡೆ ದೊಡ್ಡ ಪಾದ, ಇನ್ನೊಂದು ಕಡೆ ದೊಡ್ಡ ಕೈ ಕಂಡು ಬಾಯಿ ಬಾಯಿ ಬಿಡುತ್ತಾರೆ. ಒಡೆಯ ತುಂಡುತುಂಡಾಗಿ ಕೋಟೆಯೊಳಗೆ ಬೆಳೆಯುತ್ತಿದ್ದಾನೆ. ಕೊನೆಗೆ ಮ್ಯಾನ್‌ಫ್ರೆಡ್ ಕತ್ತಲಲ್ಲಿ ಇಸಬೆಲ್ಲಾ ಎಂದುಕೊಂಡು ತನ್ನ ಮಗಳಿಗೇ ಕಠಾರಿ ಹಾಕುತ್ತಾನೆ. ಕೋಟೆಯ ಗೋಡೆಗಳು ಕುಸಿಯುತ್ತವೆ. ಅಲ್ಫೊನ್ಸೊ ಬೃಹದಾಕಾರವಾಗಿ ಎದ್ದು ನಿಂತು, ಥಿಯೊಡೋರನೇ ವಾರಸುದಾರ ಎಂದು ಸಾರಿ ಆಕಾಶಕ್ಕೆ ಹೋಗುತ್ತಾನೆ.

ಆ ಗದ್ದಲದಲ್ಲಿ ಓದುಗರು ಗಮನಿಸದ ಒಂದು ಸಂಗತಿ ಇದೆ. ಜೆರೋಮ್ ಪಾದ್ರಿ ತನ್ನ ಬಳಿ ಅಧಿಕೃತ ದಾಖಲೆ ಇದೆ ಎಂದು ಬಾಯಿ ತೆರೆಯುತ್ತಾನೆ. ಅದು ಬೇಡ, ನಾವು ಈಗ ಕಂಡದ್ದು ಸಾವಿರ ಚರ್ಮದ ಸುರುಳಿಗಳಿಗಿಂತ ದೊಡ್ಡ ಸಾಕ್ಷಿ ಎಂಬರ್ಥದಲ್ಲಿ ಮ್ಯಾನ್‌ಫ್ರೆಡ್ ತಡೆಯುತ್ತಾನೆ. ಇಡೀ ದಾವೆಯ ಮುಖ್ಯ ದಾಖಲೆ ನಿಶಾನೆ ಪಿ.1 ಎಂದು ಗುರುತಾಗಲೇ ಇಲ್ಲ! ಪ್ರತಿವಾದಿಯ ತಪ್ಪೊಪ್ಪಿಗೆಯ ಮೇಲೆ ಡಿಕ್ರಿ ಆಯಿತು. ಇನ್ನೂರೈವತ್ತು ವರ್ಷಗಳ ಗಾತಿಕ್ ಸಾಹಿತ್ಯವೆಲ್ಲ ಆ ತೋರಿಸದೆ ಉಳಿದ ಕಾಗದವನ್ನು ಹುಡುಕುತ್ತಾ ಬಂದಿದೆ ಎಂಬುದೇ ನನ್ನ ವಾದ.

ಬರೆದವನು ಯಾರೆಂದು ನೋಡಿದರೆ ಈ ವಾದಕ್ಕೆ ಬಲ ಬರುತ್ತದೆ. ಹಾರೆಸ್ ವಾಲ್ಪೋಲ್ 1717ರಲ್ಲಿ ಹುಟ್ಟಿದ. ಬ್ರಿಟನ್ನಿನ ಮೊದಲ ಪ್ರಧಾನಿ ಎನಿಸಿಕೊಂಡ ರಾಬರ್ಟ್ ವಾಲ್ಪೋಲನ ಕಿರಿಯ ಮಗ. ಅಪ್ಪ ಕೊಡಿಸಿದ ಸರ್ಕಾರಿ ಹುದ್ದೆಗಳಿಂದ ಕೆಲಸವಿಲ್ಲದೆ ಸಂಬಳ ಬರುತ್ತಿತ್ತು. ನಾರ್ಫೋಕ್‌ನಲ್ಲಿ ಅಪ್ಪ ಕಟ್ಟಿಸಿದ ದೊಡ್ಡ ಮನೆ ಹೌಟನ್ ಅಣ್ಣನ ಪಾಲಾಯಿತು, ಅಣ್ಣನ ನಂತರ ಅಣ್ಣನ ಮಗನ ಪಾಲಾಯಿತು. ಆ ಅಣ್ಣನ ಮಗ 1779ರಲ್ಲಿ ಅಲ್ಲಿದ್ದ ಚಿತ್ರಸಂಗ್ರಹವನ್ನು ರಷ್ಯಾದ ರಾಣಿ ಕ್ಯಾಥರೀನಳಿಗೆ ಮಾರಿಬಿಟ್ಟ. ಪಿತ್ರಾರ್ಜಿತ ಕೈಬಿಟ್ಟು ಹೋಗುವುದು ಹೇಗಿರುತ್ತದೆ ಎಂದು ಹಾರೆಸನಿಗೆ ಚೆನ್ನಾಗಿ ಗೊತ್ತಿತ್ತು.

ಪಿತ್ರಾರ್ಜಿತ ಇಲ್ಲದವನು ಸ್ವಯಾರ್ಜಿತವನ್ನೇ ಪಿತ್ರಾರ್ಜಿತದ ಹಾಗೆ ಕಾಣಿಸಲು ಹೊರಟ. 1747ರಲ್ಲಿ ಲಂಡನ್ನಿನ ಪಕ್ಕ ಥೇಮ್ಸ್ ದಂಡೆಯ ಟ್ವಿಕೆನ್‌ಹ್ಯಾಮ್‌ನಲ್ಲಿ ಒಂದು ಸಣ್ಣ ಮನೆಯನ್ನು ಗುತ್ತಿಗೆಗೆ ಹಿಡಿದು, 1749ರಲ್ಲಿ ಕ್ರಯಕ್ಕೆ ಪಡೆದ. ಮುಂಚೆ ಅಲ್ಲಿದ್ದವಳು ಲಂಡನ್ನಿನಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟಿದ್ದವಳು. ವಾಲ್ಪೋಲ್ ಅದಕ್ಕೆ ಸ್ಟ್ರಾಬೆರಿ ಹಿಲ್ ಎಂದು ಹೆಸರಿಟ್ಟು, ಜಾನ್ ಚೂಟ್, ರಿಚರ್ಡ್ ಬೆಂಟ್ಲಿ ಮುಂತಾದ ಗೆಳೆಯರ ಜೊತೆ ಸೇರಿ ವರ್ಷಾನುಗಟ್ಟಲೆ ಕಟ್ಟುತ್ತಾ ಹೋದ. ಗೋಪುರ, ಚೂಪು ಕಮಾನು, ಬಣ್ಣದ ಗಾಜಿನ ಕಿಟಕಿ, ಎಲ್ಲ ಬಂತು. ವೆಸ್ಟ್‌ಮಿನ್‌ಸ್ಟರ್ ಆಬಿಯಲ್ಲಿ ಏಳನೇ ಹೆನ್ರಿಯ ಗುಡಿಯ ಕಲ್ಲಿನ ಚಾವಣಿಯನ್ನು ತನ್ನ ಮನೆಯ ಗ್ಯಾಲರಿಗೆ ಇಳಿಸಿಕೊಂಡ, ಆದರೆ ಕಲ್ಲಿನಲ್ಲಲ್ಲ, ಕಾಗದದ ಮುದ್ದೆಯಲ್ಲಿ. ಮೆಟ್ಟಿಲ ಗೋಡೆಯ ಗಾತಿಕ್ ಕೆತ್ತನೆ ಬರೀ ಬಣ್ಣ ಬರೆದ ಕಾಗದ. ಪುಸ್ತಕದ ಕಪಾಟುಗಳಿಗೆ ಬೆಂಕಿಯಲ್ಲಿ ಬೆಂದುಹೋದ ಹಳೆಯ ಸೇಂಟ್ ಪಾಲ್ಸ್ ಚರ್ಚಿನ ಚಿತ್ರವೊಂದು ಮಾದರಿ. ಮುನ್ನೂರು ವರ್ಷದ ಅಜ್ಜನ ಮನೆಯ ಹಾಗೆ ಕಾಣುವ ಹೊಸ ಮನೆ ಅದು. ನೋಡಲು ಬರುವವರು ಹೆಚ್ಚಾಗಿ, ದಿನಕ್ಕೆ ನಾಲ್ಕೇ ಜನ, ಮಕ್ಕಳನ್ನು ಕರೆತರಕೂಡದು ಎಂದು ಟಿಕೆಟ್ಟು ಮಾಡಬೇಕಾಯಿತು.

1764ರ ಬೇಸಿಗೆಯಲ್ಲಿ ಅವನ ಮನಸ್ಸು ಕದಡಿತ್ತು. ಹಿಂದಿನ ವರ್ಷ ಸರ್ಕಾರ ಪತ್ರಿಕೆಗಾರ ಜಾನ್ ವಿಲ್ಕ್ಸ್‌ನನ್ನು ಆರೋಪಿಯ ಹೆಸರೇ ಇಲ್ಲದ ಸಾಮಾನ್ಯ ವಾರಂಟಿನ ಮೇಲೆ ಹಿಡಿದಿತ್ತು. ಪಾರ್ಲಿಮೆಂಟಿನಲ್ಲಿ ಅದರ ವಿರುದ್ಧ ಮತ ಹಾಕಿದ್ದಕ್ಕೆ ವಾಲ್ಪೋಲನ ಪ್ರೀತಿಯ ಸೋದರಸಂಬಂಧಿ ಹೆನ್ರಿ ಕಾನ್‌ವೇ ಏಪ್ರಿಲಿನಲ್ಲಿ ತನ್ನ ರೆಜಿಮೆಂಟನ್ನೂ ಅರಮನೆಯ ಹುದ್ದೆಯನ್ನೂ ಕಳೆದುಕೊಂಡ. ಕಾನೂನು ಓದಿದ ಯಾರಿಗಾದರೂ ಈ ಕಾಲ ಪರಿಚಿತ. ಮರುವರ್ಷ, 1765ರಲ್ಲಿ, ಎಂಟಿಕ್ ವಿರುದ್ಧ ಕ್ಯಾರಿಂಗ್ಟನ್ ತೀರ್ಪು ಬಂದದ್ದು ಇದೇ ಜಗಳದ ಬಿಸಿಯಲ್ಲಿ. ಅಧಿಕಾರದಲ್ಲಿರುವವನು ಬಾಗಿಲು ಒಡೆದು ಮನೆಯೊಳಗೆ ನುಗ್ಗಬಹುದೇ, ಅವನ ಹಕ್ಕು ಎಲ್ಲಿಂದ ಬಂತು ಎಂಬ ಪ್ರಶ್ನೆ ಊರ ತುಂಬ ಇದ್ದಾಗ ಮ್ಯಾನ್‌ಫ್ರೆಡ್ ಹುಟ್ಟಿದ.

ಜೂನ್ ಆರಂಭದ ಒಂದು ಬೆಳಿಗ್ಗೆ ಕನಸಿನಿಂದ ಎದ್ದೆ, ನೆನಪಿನಲ್ಲಿ ಉಳಿದದ್ದು ಒಂದೇ, ಹಳೆಯ ಕೋಟೆಯ ದೊಡ್ಡ ಮೆಟ್ಟಿಲಿನ ಮೇಲ್ತುದಿಯ ಕಟಕಟೆಯ ಮೇಲೆ ಕವಚ ತೊಟ್ಟ ದೈತ್ಯ ಕೈ, ಎಂದು ವಾಲ್ಪೋಲ್ ಗೆಳೆಯ ವಿಲಿಯಂ ಕೋಲ್‌ಗೆ ಬರೆದ ಕಾಗದದಲ್ಲಿ ಹೇಳಿಕೊಂಡಿದ್ದಾನೆ. ಅಂದೇ ಸಂಜೆ ಬರೆಯಲು ಕೂತ. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ರಾಜಕೀಯ ಬಿಟ್ಟು ಬೇರೆ ಏನಾದರೂ ಯೋಚಿಸಲು ಸಿಕ್ಕಿತಲ್ಲ ಎಂಬ ಸಮಾಧಾನ ಇತ್ತು. ಎರಡು ತಿಂಗಳೊಳಗೆ ಮುಗಿಯಿತು. ಒಂದು ದಿನ ಸಂಜೆ ಆರರ ಚಹಾ ಕುಡಿದು ಹಿಡಿದ ಲೇಖನಿಯನ್ನು ರಾತ್ರಿ ಒಂದೂವರೆಗೆ ಕೈಬೆರಳು ಸೋತಾಗ ಕೆಳಗಿಟ್ಟನಂತೆ.

ಇನ್ನು ಪ್ರಕಟಣೆ. ಮನೆಯಲ್ಲೇ 1757ರಿಂದ ಸ್ವಂತ ಮುದ್ರಣಾಲಯ ಇತ್ತು. ಅದರಲ್ಲಿ ಅಚ್ಚು ಹಾಕಿಸಿದರೆ ಗುಟ್ಟು ಬಯಲಾಗುತ್ತದೆಂದು ಫ್ಲೀಟ್ ಸ್ಟ್ರೀಟಿನ ಥಾಮಸ್ ಲೌಂಡ್ಸ್‌ಗೆ ಕೊಟ್ಟ. 1764ರ ಡಿಸೆಂಬರ್ 24ರಂದು 500 ಪ್ರತಿ ಹೊರಬಂತು. ಮುಖಪುಟದಲ್ಲಿ ವಾಲ್ಪೋಲನ ಹೆಸರಿಲ್ಲ. ಒಟ್ರಾಂಟೊದ ಸಂತ ನಿಕೊಲಾಸ್ ಚರ್ಚಿನ ಓನುಫ್ರಿಯೊ ಮುರಾಲ್ಟೊ ಎಂಬ ಪಾದ್ರಿ ಇಟಾಲಿಯನ್ನಿನಲ್ಲಿ ಬರೆದದ್ದು, ವಿಲಿಯಂ ಮಾರ್ಷಲ್ ಎಂಬ ಸದ್ಗೃಹಸ್ಥರ ಅನುವಾದ ಎಂದಿತ್ತು. ಇಬ್ಬರೂ ಕಲ್ಪಿತ ವ್ಯಕ್ತಿಗಳು. ಮುನ್ನುಡಿಯ ಪ್ರಕಾರ ಮೂಲಪ್ರತಿ ಇಂಗ್ಲೆಂಡಿನ ಉತ್ತರ ಭಾಗದ ಹಳೆಯ ಕ್ಯಾಥೊಲಿಕ್ ಮನೆತನವೊಂದರ ಗ್ರಂಥಭಂಡಾರದಲ್ಲಿ ಸಿಕ್ಕಿತು, 1529ರಲ್ಲಿ ನೇಪಲ್ಸಿನಲ್ಲಿ ಹಳೆಯ ಲಿಪಿಯ ಅಚ್ಚಿನಲ್ಲಿ ಮುದ್ರಿತವಾದದ್ದು.

ಮೂವತ್ತು ವರ್ಷ ಮೀರಿದ ದಾಖಲೆ, ಇರಬೇಕಾದ ಕಡೆಯಿಂದಲೇ ಬಂದಿದ್ದರೆ, ಸಾಚಾ ಎಂದು ಕೋರ್ಟು ಭಾವಿಸಿಕೊಳ್ಳಬಹುದು. ನಮ್ಮ 1872ರ ಸಾಕ್ಷ್ಯ ಅಧಿನಿಯಮದ 90ನೇ ಕಲಂ ಹೇಳುತ್ತಿದ್ದುದು ಇದನ್ನೇ. ಆ ಕಲಂ ಹುಟ್ಟುವುದಕ್ಕೆ ನೂರು ವರ್ಷ ಮುಂಚೆಯೇ ವಾಲ್ಪೋಲ್ ಅದಕ್ಕೆ ಬೇಕಾದ ಎರಡನ್ನೂ ಹೊಂದಿಸಿದ್ದ: ದಾಖಲೆ ಹಳೆಯದು, ಬಂದ ಜಾಗ ಸರಿಯಾದದ್ದು. ಸುಳ್ಳು ಉಯಿಲಿನ ಕಥೆಯೇ ಸುಳ್ಳು ದಾಖಲೆಯಾಗಿ ಪೇಟೆಗೆ ಬಂತು. ‘ಮಂತ್ಲಿ ರಿವ್ಯೂ’ ಹಳೆಯ ಕಾಲದ ಅನುವಾದ ಎಂದು ನಂಬಿ ಮೊದಲು ಹೊಗಳಿತು. ಓದಿದ ಮೇಲೆ ರಾತ್ರಿ ಮಲಗಲು ಹೆದರುತ್ತಿದ್ದೇವೆ ಎಂದು ಕವಿ ಥಾಮಸ್ ಗ್ರೇ ಕೇಂಬ್ರಿಡ್ಜಿನಿಂದ ಬರೆದ.

ಧೈರ್ಯ ಬಂದ ವಾಲ್ಪೋಲ್ 1765ರ ಏಪ್ರಿಲಿನ ಎರಡನೇ ಮುದ್ರಣದಲ್ಲಿ ತಪ್ಪೊಪ್ಪಿಕೊಂಡ. ಹಳೆಯ ರಮ್ಯಕಥೆಯ ಕಲ್ಪನೆಯನ್ನೂ ಹೊಸ ಕಾದಂಬರಿಯ ಸಹಜತೆಯನ್ನೂ ಬೆರೆಸಲು ಯತ್ನಿಸಿದೆ ಎಂದು ಬರೆದು, ಶೀರ್ಷಿಕೆಯ ಕೆಳಗೆ ‘ಎ ಗಾತಿಕ್ ಸ್ಟೋರಿ’ ಎಂದು ಸೇರಿಸಿದ. ಅದೇ ‘ಮಂತ್ಲಿ ರಿವ್ಯೂ’ ಈಗ ತಿರುಗಿಬಿತ್ತು. ಹಳೆಯ ಪಾದ್ರಿ ಬರೆದಿದ್ದರೆ ಕ್ಷಮಿಸಬಹುದಿತ್ತು, ಓದಿದ ಇಂದಿನ ಮನುಷ್ಯ ಇಂಥ ಮೂಢನಂಬಿಕೆ ಬರೆಯುವುದೇ ಎಂದು. ಕಥೆ ಅದೇ ಇತ್ತು, ಖಾತೆ ಮಾತ್ರ ಬದಲಾಗಿತ್ತು.

ಇದರ ಮುಂದಿನ ಭಾಗ ನೋವಿನದು. 1769ರಲ್ಲಿ ಬ್ರಿಸ್ಟಲಿನ ಬಡ ಹುಡುಗ ಥಾಮಸ್ ಚಾಟರ್ಟನ್, ಹದಿನೈದನೇ ಶತಮಾನದ ರೌಲಿ ಎಂಬ ಪಾದ್ರಿಯ ಬರಹಗಳೆಂದು ಕೆಲವನ್ನು ವಾಲ್ಪೋಲನಿಗೆ ಕಳಿಸಿದ. ಬರೆದವನು ಅವನೇ. ವಾಲ್ಪೋಲ್ ಮೊದಲು ಹಿಗ್ಗಿದ, ಗೆಳೆಯರಿಗೆ ತೋರಿಸಿದ ಮೇಲೆ ಕೃತಕ ಎಂದು ತಿಳಿದು ಹುಡುಗನನ್ನು ದೂರ ಮಾಡಿದ. ಆ ಹುಡುಗ ಒಬ್ಬ ವಕೀಲರ ಕಚೇರಿಯಲ್ಲಿ ನಕಲು ಬರೆಯುವ ಕೆಲಸಕ್ಕಿದ್ದವನು. 1770ರ ಆಗಸ್ಟಿನಲ್ಲಿ, ಹದಿನೇಳನೇ ವಯಸ್ಸಿನಲ್ಲಿ, ಲಂಡನ್ನಿನ ಬಾಡಿಗೆ ಕೋಣೆಯಲ್ಲಿ ಸತ್ತ. ಆ ಸಾವಿಗೆ ವಾಲ್ಪೋಲನೇ ಹೊಣೆ ಅನ್ನುವುದು ಅನ್ಯಾಯ. ಆದರೂ ಇಬ್ಬರೂ ಮಾಡಿದ್ದು ಒಂದೇ ಕೆಲಸ. ಪ್ರಧಾನಿಯ ಮಗ ಮಾಡಿದಾಗ ಅದು ಸಾಹಿತ್ಯದ ಹೊಸ ಪ್ರಕಾರ, ನಕಲುಗಾರ ಹುಡುಗ ಮಾಡಿದಾಗ ಖೋಟಾ.

ಕೋಟೆಯ ವಿಷಯವೂ ಹೀಗೇ. ಒಟ್ರಾಂಟೊ ಇಟಲಿಯ ದಕ್ಷಿಣ ತುದಿಯ ನಿಜವಾದ ಊರು, ಅಲ್ಲಿ ಕೋಟೆಯೂ ಇದೆ. 1480ರಲ್ಲಿ ತುರ್ಕರ ಸೈನ್ಯ ಊರನ್ನು ಹಿಡಿದಾಗ ನಡೆದ ಕಗ್ಗೊಲೆ ಅಲ್ಲಿನ ಜನ ಇಂದಿಗೂ ಮರೆಯದ ಚರಿತ್ರೆ. ವಾಲ್ಪೋಲ್ ಅಲ್ಲಿಗೆ ಕಾಲಿಟ್ಟವನಲ್ಲ. 1786ರಲ್ಲಿ ಲೇಡಿ ಕ್ರೇವನ್ ಆ ಕೋಟೆಯ ಚಿತ್ರವೊಂದನ್ನು ಕಳಿಸಿಕೊಟ್ಟಾಗ, ಅಲ್ಲಿ ಕೋಟೆ ಇದೆಯೆಂದೇ ತನಗೆ ಗೊತ್ತಿರಲಿಲ್ಲ, ಕಥೆ ಮುಗಿದ ಮೇಲೆ ನೇಪಲ್ಸಿನ ನಕ್ಷೆಯಲ್ಲಿ ಕಿವಿಗೆ ಇಂಪಾದ ಹೆಸರು ಹುಡುಕಿಕೊಂಡೆ ಎಂದು ಉತ್ತರಿಸಿದ. ಕಥೆಯ ನಿಜವಾದ ಚಕ್ಕುಬಂದಿ ಸ್ಟ್ರಾಬೆರಿ ಹಿಲ್ಲಿನದು. ನಡೆದು ಬರುವ ಪಟಕ್ಕೆ ಪ್ರೇರಣೆ ತನ್ನ ಗ್ಯಾಲರಿಯಲ್ಲಿದ್ದ ಬಿಳಿ ಬಟ್ಟೆಯ ಲಾರ್ಡ್ ಫಾಕ್‌ಲ್ಯಾಂಡನ ಚಿತ್ರ ಎಂದು ಅವನೇ ಹೇಳಿದ್ದಾನೆ.

ಮೊದಲ ಮುನ್ನುಡಿಯಲ್ಲಿ ಇನ್ನೊಂದು ಮಾತಿದೆ. ಅಪ್ಪಂದಿರ ಪಾಪ ಮೂರನೇ ನಾಲ್ಕನೇ ತಲೆಮಾರಿನ ಮಕ್ಕಳಿಗೆ ತಟ್ಟುತ್ತದೆ ಅನ್ನುವುದಕ್ಕಿಂತ ಉಪಯುಕ್ತ ನೀತಿಯನ್ನು ಮೂಲ ಲೇಖಕ ಆರಿಸಿಕೊಳ್ಳಬಹುದಿತ್ತು ಎಂದು ‘ಅನುವಾದಕ’ ಗೊಣಗುತ್ತಾನೆ. ಮಾಡಿದ್ದುಣ್ಣೋ ಮಹರಾಯ ಅನ್ನುವ ನಮ್ಮ ಗಾದೆಯಲ್ಲಿ ಮಾಡಿದವನೇ ಉಣ್ಣುತ್ತಾನೆ. ಇಲ್ಲಿ ರಿಕಾರ್ಡೊ ಮಾಡಿದ, ಅವನ ಮಗ ಸುಖವಾಗಿ ಬಾಳಿ ಸತ್ತ, ಉಂಡವರು ಮೊಮ್ಮಗ, ಮರಿಮಕ್ಕಳು. ಹಳೆಯ ಹಿಂದೂ ಕಾನೂನಿಗೆ ಈ ಲೆಕ್ಕ ಹೊಸದಲ್ಲ. ಅಪ್ಪ ಮಾಡಿದ ಸಾಲವನ್ನು ಮಗ, ಮೊಮ್ಮಗ, ಮರಿಮಗ ತೀರಿಸುವುದು ಧರ್ಮ ಎಂದು ಕೋರ್ಟುಗಳು 2005ರ ತಿದ್ದುಪಡಿಯ ತನಕ ಒಪ್ಪುತ್ತಿದ್ದವು. ಆದರೆ ಅದಕ್ಕೊಂದು ವಿನಾಯಿತಿ ಇತ್ತು: ಸಾಲ ಅವ್ಯಾವಹಾರಿಕವಾಗಿದ್ದರೆ, ಅಂದರೆ ಕೆಟ್ಟ ಕೆಲಸಕ್ಕೆ ಮಾಡಿದ್ದಾದರೆ, ಮಗ ಹೊಣೆಯಲ್ಲ. ವಾಲ್ಪೋಲನ ಲೋಕದಲ್ಲಿ ಇದು ತಲೆಕೆಳಗು. ಕೆಟ್ಟ ಸಾಲವೇ ಮೊಮ್ಮಕ್ಕಳ ಕುತ್ತಿಗೆಗೆ ಬರುತ್ತದೆ.

ವಾಲ್ಪೋಲನ ನಂತರದವರು ಅವನಿಂದ ಏನು ತೆಗೆದುಕೊಂಡರು, ಏನು ಬಿಟ್ಟರು? ಬಿಟ್ಟದ್ದು ಶಿರಸ್ತ್ರಾಣ. ಇಪ್ಸ್‌ವಿಚ್ಚಿನ ಕ್ಲಾರಾ ರೀವ್ 1777ರಲ್ಲಿ ಒಂದು ಕಾದಂಬರಿ ಬರೆದು, ಮರುವರ್ಷ ಅದಕ್ಕೆ ‘ದಿ ಓಲ್ಡ್ ಇಂಗ್ಲಿಷ್ ಬ್ಯಾರನ್’ ಎಂದು ಹೊಸ ಹೆಸರಿಟ್ಟಳು. ಒಟ್ರಾಂಟೊದ ಖಡ್ಗ, ಶಿರಸ್ತ್ರಾಣ ಅತಿಯಾಯಿತು, ಭಯ ಬರುವ ಜಾಗದಲ್ಲಿ ನಗು ಬರುತ್ತದೆ ಎಂಬುದು ಅವಳ ಆಕ್ಷೇಪ. ಅವಳ ಕಥೆಯಲ್ಲಿ ದೆವ್ವ ಅಷ್ಟಕ್ಕಷ್ಟೆ. ಆದರೆ ಕೊಲೆಯಾದ ಒಡೆಯ, ಬಡವನಾಗಿ ಬೆಳೆದ ವಾರಸುದಾರ, ಮುಚ್ಚಿಟ್ಟ ಕೋಣೆ ಎಲ್ಲ ಹಾಗೇ ಇವೆ. ಹಕ್ಕು ಸಾಬೀತಾದ ಮೇಲೆ ಪೀಠೋಪಕರಣ ಯಾರಿಗೆ, ಹಿಂದಿನ ವರ್ಷಗಳ ಉತ್ಪನ್ನದ ಬಾಕಿ ಎಷ್ಟು ಎಂದು ಕೂತು ಲೆಕ್ಕ ಹಾಕುತ್ತಾರೆ. ವಾಲ್ಪೋಲನಿಗೆ ಇದು ಬೇಸರದ ಪುಸ್ತಕವಾಗಿ ಕಂಡಿತು. ನನಗೆ ಆ ಪುಟಗಳು ಪರಮಾನ್ನ.

ಒಟ್ರಾಂಟೊ ಬಂದ 1764ರಲ್ಲೇ ಹುಟ್ಟಿದ ಆ್ಯನ್ ರ‍್ಯಾಡ್‌ಕ್ಲಿಫ್ ಈ ಪ್ರಕಾರವನ್ನು ಮನೆಮನೆಗೆ ಮುಟ್ಟಿಸಿದಳು. 1794ರ ‘ದಿ ಮಿಸ್ಟರೀಸ್ ಆಫ್ ಉಡಾಲ್ಫೊ’ ಕಾದಂಬರಿಗೆ ಅವಳಿಗೆ ಸಿಕ್ಕ ಹಣ 500 ಪೌಂಡು, 1797ರ ‘ದಿ ಇಟಾಲಿಯನ್’ಗೆ 800. ಅವಳ ಕೋಟೆಯಲ್ಲಿ ಕೇಳಿಸುವ ಪ್ರತಿ ನರಳಾಟಕ್ಕೂ ಕೊನೆಯಲ್ಲಿ ಲೌಕಿಕ ಕಾರಣ ಸಿಗುತ್ತದೆ. ಉಡಾಲ್ಫೊದ ನಾಯಕಿ ಎಮಿಲಿಯನ್ನು ಮೂರ್ಛೆಗೊಳಿಸಿದ ಕಪ್ಪು ತೆರೆಯ ಹಿಂದಿನ ಹೆಣ ಮೇಣದ ಗೊಂಬೆ. ದೆವ್ವ ಸುಳ್ಳಾಗುತ್ತದೆ, ಕೋಟೆಯ ಒಡೆಯ ಮಾಂಟೊನಿ ಮಾತ್ರ ಸುಳ್ಳಾಗುವುದಿಲ್ಲ. ಅವನು ಎಮಿಲಿಯ ಅತ್ತೆಯನ್ನು ಮದುವೆಯಾಗಿ ಕೋಟೆಯಲ್ಲಿ ಕೂಡಿಹಾಕಿದ್ದು ಫ್ರಾನ್ಸಿನಲ್ಲಿದ್ದ ಅವಳ ಜಮೀನಿಗೆ ರುಜು ಹಾಕಿಸಿಕೊಳ್ಳಲು. ಅವಳು ಹಾಕದೆ ಸಾಯುತ್ತಾಳೆ. ಆಮೇಲೆ ಅದೇ ಕಾಗದ ಎಮಿಲಿಯ ಮುಂದೆ ಬರುತ್ತದೆ. ಮದುವೆಯಾದ ಹೆಂಗಸಿಗೆ ತನ್ನ ಆಸ್ತಿಯ ಮೇಲೆ ಪೂರ್ತಿ ಅಧಿಕಾರ ಇಂಗ್ಲೆಂಡಿನಲ್ಲಿ ಸಿಕ್ಕಿದ್ದು 1882ರ ಕಾಯಿದೆಯಿಂದ. ಅದಕ್ಕೆ ಮುಂಚಿನ ಓದುಗಿತ್ತಿಯರಿಗೆ ನಡುಕ ಹುಟ್ಟಿಸಿದ್ದು ಮೇಣದ ಗೊಂಬೆಯೋ ಮಾಂಟೊನಿಯ ಕೈಯಲ್ಲಿದ್ದ ಲೇಖನಿಯೋ, ನೀವೇ ಯೋಚಿಸಿ.

ಜೇನ್ ಆಸ್ಟೆನ್ ‘ನಾರ್ತ್ಯಾಂಗರ್ ಆಬಿ’ಯಲ್ಲಿ ಈ ಹುಚ್ಚನ್ನು ಗೇಲಿ ಮಾಡಿದಳು. ಉಡಾಲ್ಫೊ ಓದಿ ತಲೆ ಕೆಡಿಸಿಕೊಂಡ ಕ್ಯಾಥರೀನ್ ಹಳೆಯ ಬೀರುವಿನಲ್ಲಿ ಸುರುಳಿ ಕಂಡು ರಾತ್ರಿಯಿಡೀ ನಡುಗುತ್ತಾಳೆ. ಬೆಳಗಾದ ಮೇಲೆ ನೋಡಿದರೆ ಅಗಸರ ಬಿಲ್ಲು. ಅಲ್ಲಿಗೆ ನಿಲ್ಲಿಸಿ ನಗುವವರು ಕಾದಂಬರಿಯನ್ನು ಅರ್ಧ ಓದಿದವರು. ಹುಡುಗಿಗೆ ಆಸ್ತಿ ಇಲ್ಲವೆಂದು ಗೊತ್ತಾದ ಕೂಡಲೇ ಮನೆಯ ಯಜಮಾನ ಜನರಲ್ ಟಿಲ್ನಿ ಅವಳನ್ನು ಬೆಳಗಾಗುವಷ್ಟರಲ್ಲಿ ಒಂಟಿಯಾಗಿ ಗಾಡಿ ಹತ್ತಿಸಿ ಕಳಿಸುತ್ತಾನೆ. ಕೊಲೆಗಾರನಲ್ಲದಿದ್ದರೂ ಮ್ಯಾನ್‌ಫ್ರೆಡನ ಜಾತಿಯವನೇ.

ವಾಲ್ಟರ್ ಸ್ಕಾಟ್ ನಮ್ಮ ಕಸುಬಿನವನು, ಎಡಿನ್‌ಬರೋ ಕೋರ್ಟಿನಲ್ಲಿ ಗುಮಾಸ್ತಗಿರಿ ಮಾಡುತ್ತಲೇ ಕಾದಂಬರಿ ಬರೆದವನು. 1811ರಲ್ಲಿ ಒಟ್ರಾಂಟೊದ ಹೊಸ ಮುದ್ರಣಕ್ಕೆ ಗೌರವದಿಂದ ಮುನ್ನುಡಿ ಬರೆದ, ಸ್ಟ್ರಾಬೆರಿ ಹಿಲ್ಲಿನ ದಾರಿ ಹಿಡಿದು ಆಬಟ್ಸ್‌ಫರ್ಡ್ ಎಂಬ ಕೋಟೆಯಂಥ ಮನೆಯನ್ನೂ ಕಟ್ಟಿಸಿದ. ಅವನ ‘ದಿ ಬ್ರೈಡ್ ಆಫ್ ಲ್ಯಾಮರ್ಮೂರ್’ ಕಾದಂಬರಿಯಲ್ಲಿ ಹಳೆಯ ಮನೆತನದ ಆಸ್ತಿಯನ್ನು ಕೈವಶ ಮಾಡಿಕೊಂಡವನು ಒಬ್ಬ ವಕೀಲ. ಭಾರತಕ್ಕೆ ಈ ಗಾಳಿ ಬೀಸಿದ್ದು ಸ್ಕಾಟನ ಮೂಲಕ. ಡೆಪ್ಯುಟಿ ಮ್ಯಾಜಿಸ್ಟ್ರೇಟರಾಗಿದ್ದ ಬಂಕಿಮಚಂದ್ರರ 1865ರ ‘ದುರ್ಗೇಶನಂದಿನಿ’ಯನ್ನು ಜನ ಸ್ಕಾಟನ ಜೊತೆ ಹೋಲಿಸಿದರು. ಅದನ್ನು ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದರು. ಕೋಟೆ, ಸೆರೆ, ಗುಟ್ಟಾದ ಹುಟ್ಟು, ಇವು ನಮ್ಮ ಅಜ್ಜಿಯರ ಕೈಗೆ ಕಾದಂಬರಿಯಾಗಿ ಬಂದದ್ದು ಹಾಗೆ.

ಅಮೆರಿಕದ ನಥೇನಿಯಲ್ ಹಾಥಾರ್ನನ ಪೂರ್ವಜನೊಬ್ಬ 1692ರಲ್ಲಿ ಸೇಲಂನ ಮಾಟಗಾತಿ ಮೊಕದ್ದಮೆಗಳಲ್ಲಿ ನ್ಯಾಯಾಧೀಶನಾಗಿ ಕೂತವನು. ಆ ಭಾರವನ್ನು ಹೊತ್ತು ಅವನು 1851ರಲ್ಲಿ ‘ದಿ ಹೌಸ್ ಆಫ್ ದಿ ಸೆವೆನ್ ಗೇಬಲ್ಸ್’ ಬರೆದ. ಬಡವನೊಬ್ಬನನ್ನು ಮಾಟದ ಆರೋಪದ ಮೇಲೆ ನೇಣಿಗೆ ಕಳಿಸಿ ಅವನ ನಿವೇಶನದಲ್ಲಿ ಮನೆ ಕಟ್ಟಿದ ಕರ್ನಲ್, ತಲೆಮಾರುಗಳಿಗೆ ಇಳಿದ ಶಾಪ. ಕಳೆದುಹೋದ ಹಕ್ಕುಪತ್ರ ಕೊನೆಗೆ ಸಿಗುವುದು ಆ ಕರ್ನಲ್ಲನ ಪಟದ ಹಿಂದೆ, ಅದೂ ಬೆಲೆ ಸತ್ತ ಮೇಲೆ. ಎಮಿಲಿ ಬ್ರಾಂಟಿಯ ‘ವದರಿಂಗ್ ಹೈಟ್ಸ್’ನಲ್ಲಿ ಹೀತ್‌ಕ್ಲಿಫ್ ಒಂದು ಮನೆಯನ್ನು ಅಡಮಾನದಿಂದ, ಇನ್ನೊಂದನ್ನು ಸಾಯುತ್ತಿರುವ ಮಗನ ಮದುವೆಯಿಂದ ನುಂಗುತ್ತಾನೆ. 1926ರಲ್ಲಿ ಸಿ.ಪಿ. ಸ್ಯಾಂಗರ್ ಎಂಬ ಲಂಡನ್ನಿನ ಬ್ಯಾರಿಸ್ಟರ್ ಆ ಕಾದಂಬರಿಯ ವಂಶವೃಕ್ಷ ಬರೆದು, ಅಂದಿನ ಆಸ್ತಿ ಕಾನೂನಿಗೆ ಹೊಂದಿಸಿ, ಲೇಖಕಿಗೆ ಕಾನೂನು ಚೆನ್ನಾಗಿ ಗೊತ್ತಿತ್ತೆಂದು ತೋರಿಸಿದ. ಅದನ್ನು ಓದಿ ನನಗೆ ಜೊತೆ ಸಿಕ್ಕ ಹಾಗಾಯಿತು. 1897ರ ‘ಡ್ರಾಕುಲಾ’ ಹೇಗೆ ಶುರುವಾಗುತ್ತದೆ? ಹೊಸದಾಗಿ ಸಾಲಿಸಿಟರ್ ಆದ ಹುಡುಗನೊಬ್ಬ ಲಂಡನ್ ಬಳಿಯ ಜಾಗದ ಕ್ರಯದ ಕಾಗದ ಹಿಡಿದು ಕಕ್ಷಿದಾರನ ಕೋಟೆಗೆ ಹೋಗುವುದರಿಂದ! ಅದನ್ನು ಬರೆದ ಬ್ರಾಮ್ ಸ್ಟೋಕರ್ ಅದಕ್ಕೆ ಮೊದಲು ಐರ್ಲೆಂಡಿನ ಸಣ್ಣ ಕೋರ್ಟುಗಳ ಗುಮಾಸ್ತರಿಗೆ ಒಂದು ಕೈಪಿಡಿ ಬರೆದವನು.

ಈಗ ನಮ್ಮ ಊರಿನ ಪಕ್ಕಕ್ಕೆ ಬರುತ್ತೇನೆ. ರ‍್ಯಾಡ್‌ಕ್ಲಿಫ್ ಕಾಲದಲ್ಲಿ ಅಗ್ಗದ ಗಾತಿಕ್ ಕಾದಂಬರಿಗಳನ್ನು ರಾಶಿ ರಾಶಿ ಅಚ್ಚು ಹಾಕುತ್ತಿದ್ದ ವಿಲಿಯಂ ಲೇನನ ಮಿನರ್ವಾ ಪ್ರೆಸ್ ಇದ್ದದ್ದು ಲಂಡನ್ನಿನ ಲೆಡನ್‌ಹಾಲ್ ಸ್ಟ್ರೀಟಿನಲ್ಲಿ. ಅದೇ ಬೀದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೇಂದ್ರ ಕಚೇರಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಸಿಂಹಾಸನವನ್ನು ಲೂಟಿ ಹಂಚುವ ಅಧಿಕಾರಿಗಳು ಒಡೆದು ಚೂರು ಮಾಡಿದರು. ಬಿಳಿಯ ಸಿಪಾಯಿಯ ಮೇಲೆರಗಿ ಗರ್ಜಿಸುವ ಮರದ ಹುಲಿಯನ್ನು 1808ರಲ್ಲಿ ಆ ಲೆಡನ್‌ಹಾಲ್ ಸ್ಟ್ರೀಟಿನ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟರು. ಬೀದಿಯ ಒಂದು ಕಡೆ ಅನ್ಯಾಯದ ಆಸ್ತಿಯ ಕಥೆಗಳು ಬಿಸಿಬಿಸಿಯಾಗಿ ಖರ್ಚಾಗುತ್ತಿದ್ದಾಗ ಇನ್ನೊಂದು ಕಡೆ ಶ್ರೀರಂಗಪಟ್ಟಣದ ಮಾಲು ಬಂದು ಇಳಿಯಿತು. ಇವೆರಡನ್ನು ಸೇರಿಸಿ ಓದಲು ಒಬ್ಬ ಕಾದಂಬರಿಕಾರ ಬರುವುದಕ್ಕೆ ಅರವತ್ತು ವರ್ಷ ಹಿಡಿಯಿತು.

ಅವನು ವಿಲ್ಕಿ ಕಾಲಿನ್ಸ್, ಅವನೂ ಬ್ಯಾರಿಸ್ಟರ್ ಪದವಿ ಪಡೆದವನೇ. 1868ರ ‘ದಿ ಮೂನ್‌ಸ್ಟೋನ್’ ಕಾದಂಬರಿಯ ಪೀಠಿಕೆ ನಡೆಯುವುದು ಶ್ರೀರಂಗಪಟ್ಟಣದ ಕೋಟೆಯೊಳಗೆ. ಲೂಟಿ ಮಾಡಿದವರಿಗೆ ನೇಣು ಎಂದು ಸಾರಿದ ಹೊತ್ತಿನಲ್ಲೇ ಜಾನ್ ಹರ್ನ್‌ಕ್ಯಾಸಲ್ ಎಂಬ ಅಧಿಕಾರಿ ಆಯುಧಶಾಲೆಯಲ್ಲಿ ಮೂವರು ಕಾವಲಿನವರನ್ನು ಕೊಂದು, ಕಠಾರಿಯ ಹಿಡಿಯಲ್ಲಿದ್ದ ಹಳದಿ ವಜ್ರವನ್ನು ಕಸಿಯುತ್ತಾನೆ. ಸೋಮನಾಥದ ಚಂದ್ರದೇವರ ಹಣೆಯಲ್ಲಿದ್ದ ವಜ್ರ ಅದು, ಟಿಪ್ಪುವಿನ ಕೈಗೂ ಲೂಟಿಯಿಂದಲೇ ಬಂದದ್ದು. ಸಾಯುವಾಗ ಹರ್ನ್‌ಕ್ಯಾಸಲ್ ಅದನ್ನು ಸೋದರಸೊಸೆ ರೇಚಲ್‌ಗೆ ಉಯಿಲು ಬರೆಯುತ್ತಾನೆ. ಅವಳ ಹುಟ್ಟುಹಬ್ಬದ ರಾತ್ರಿಯೇ ಅದು ಕಾಣೆಯಾಗುತ್ತದೆ. ಇಂಗ್ಲಿಷಿನ ಮೊದಲ ಪತ್ತೇದಾರಿ ಕಾದಂಬರಿ ಎಂದು ಇದನ್ನು ಹೊಗಳುತ್ತಾರೆ. ವಂಶವೃಕ್ಷ ಬರೆದು ನೋಡಿದರೆ ಇದು ಒಟ್ರಾಂಟೊ. ಕೊಲೆಮಾಡಿ ಆಸ್ತಿ ಹೊಡೆದವನು ರಿಕಾರ್ಡೊನ ಜಾಗದಲ್ಲಿ, ಏನೂ ತಪ್ಪು ಮಾಡದ ರೇಚಲ್ ಮಟಿಲ್ಡಾಳ ಜಾಗದಲ್ಲಿ, ಉಯಿಲು ಉಯಿಲಿನ ಜಾಗದಲ್ಲಿ. ಈ ಸಲ ಉಯಿಲು ಸಾಚಾ, ಆಸ್ತಿಯೇ ಕದ್ದದ್ದು. ತನ್ನದಲ್ಲದ್ದನ್ನು ಬರೆದುಕೊಡುವ ಹಕ್ಕು ಯಾರಿಗೂ ಇಲ್ಲ ಅನ್ನುವುದು ಆಸ್ತಿ ಕಾನೂನಿನ ಮೊದಲ ಪಾಠ.

ಮೊಮ್ಮಗಳು ಇಲ್ಲಿ ಒಂದು ಪಾಟೀಸವಾಲು ಹಾಕಿದಳು. ‘ತಾತ, ನಿಮ್ಮ ಕಾನೂನಿನಲ್ಲೇ ಹನ್ನೆರಡು ವರ್ಷ ಸುಮ್ಮನಿದ್ದರೆ ಒಡೆಯನ ಹಕ್ಕು ಹೋಗುತ್ತಲ್ಲ? ಮ್ಯಾನ್‌ಫ್ರೆಡ್ ಮೂರು ತಲೆಮಾರಿನಿಂದ ಸ್ವಾಧೀನದಲ್ಲಿದ್ದಾನೆ, ಅವನೇ ಗೆಲ್ಲಬೇಕಿತ್ತು.’ ಸರಿಯಾದ ಪ್ರಶ್ನೆ. ಲಿಮಿಟೇಷನ್ ಇಲ್ಲದಿದ್ದರೆ ಯಾವ ಮನೆಯವನೂ ನೆಮ್ಮದಿಯಾಗಿ ಮಲಗುವ ಹಾಗಿಲ್ಲ, ಆ ಕಾನೂನು ಬೇಕೇ ಬೇಕು. ಕಾಲಮಿತಿ ದಾಟಿದ ಎಷ್ಟೋ ನ್ಯಾಯವಾದ ದಾವೆಗಳು ವಜಾ ಆಗುವುದನ್ನು ನಾನು ಕಂಡಿದ್ದೇನೆ, ಕೆಲವನ್ನು ವಜಾ ಮಾಡಿಸಿದ್ದೇನೆ. ಗಾತಿಕ್ ಕಾದಂಬರಿ ಕೈಗೆತ್ತಿಕೊಂಡದ್ದು ಹಾಗೆ ವಜಾ ಆದ ಕಡತಗಳನ್ನೇ.

ಹಾಗಾದರೆ ಡಿಕ್ರಿ ಜಾರಿ ಮಾಡುವ ಅಮೀನ ಯಾರು? ವಾಲ್ಪೋಲನಲ್ಲಿ ಸತ್ತ ಒಡೆಯನೇ ಆಕಾಶದೆತ್ತರಕ್ಕೆ ಬೆಳೆದು ಬಂದ. ರೀವ್, ರ‍್ಯಾಡ್‌ಕ್ಲಿಫರಲ್ಲಿ ಸಾಕ್ಷಿ ಪುರಾವೆ, ಅದೃಷ್ಟ ಸೇರಿ ಆ ಕೆಲಸ ಮಾಡಿದವು. ಹಾಥಾರ್ನ್ ಕಾಗದವನ್ನು ಹುಡುಕಿಕೊಟ್ಟು, ಅದಕ್ಕೆ ಬೆಲೆ ಇಲ್ಲ ಅಂದ. ಕಾನೂನು ಓದಿದ ಕಾಲಿನ್ಸ್‌ಗೆ ವಿಕ್ಟೋರಿಯಾ ರಾಣಿಯ ಯಾವ ಕೋರ್ಟೂ ಸೋಮನಾಥದ ದೇವರ ಪರ ಡಿಕ್ರಿ ಕೊಡುವುದಿಲ್ಲ ಎಂದು ಗೊತ್ತಿತ್ತು, ಆಕಾಶದಿಂದ ಯಾರೂ ಇಳಿಯುವುದಿಲ್ಲ ಎಂದೂ ಗೊತ್ತಿತ್ತು. ಅದಕ್ಕೇ ಅವನ ಕಥೆಯಲ್ಲಿ ಮೂವರು ಬ್ರಾಹ್ಮಣರು ಜಾತಿ ಕಳೆದುಕೊಂಡು ಸಮುದ್ರ ದಾಟುತ್ತಾರೆ, ಬೀದಿ ಜಾದೂಗಾರರ ವೇಷ ಹಾಕುತ್ತಾರೆ, ವರ್ಷಗಟ್ಟಲೆ ಕಾಯುತ್ತಾರೆ, ವಜ್ರ ಅಡಗಿಸಿಟ್ಟವನನ್ನು ಉಸಿರುಗಟ್ಟಿಸಿ ಕೊಲ್ಲುತ್ತಾರೆ. ಕಾದಂಬರಿ ಅವರನ್ನು ಪೊಲೀಸರಿಗೆ ಒಪ್ಪಿಸುವುದೂ ಇಲ್ಲ, ಅವರ ಕೈಯ ರಕ್ತವನ್ನು ಒರೆಸುವುದೂ ಇಲ್ಲ. ಒಟ್ರಾಂಟೊದಿಂದ ಮೂನ್‌ಸ್ಟೋನ್‌ವರೆಗಿನ ನೂರನಾಲ್ಕು ವರ್ಷಗಳಲ್ಲಿ ಈ ಪ್ರಕಾರ ಕಲಿತದ್ದು ಇದನ್ನು: ಅಜ್ಜ ಕದ್ದದ್ದನ್ನು ಹಿಂದಿರುಗಿಸುವ ಕೆಲಸವನ್ನು ದೇವರಿಗೆ ಬಿಟ್ಟರೆ ಕಥೆ ಸಲೀಸು, ಮನುಷ್ಯರಿಗೆ ಬಿಟ್ಟರೆ ಅದಕ್ಕೂ ಒಂದು ಹೊಸ ಅಪರಾಧದ ಖರ್ಚು ಬೀಳುತ್ತದೆ. ವಕೀಲನಾಗಿ ನಾನು ಆ ಮೂವರ ವಿರುದ್ಧವೇ ವಾದಿಸಬೇಕಾದವನು. ಓದುಗನಾಗಿ, ವಜ್ರ ಸೋಮನಾಥ ಮುಟ್ಟಿದ ಪುಟದಲ್ಲಿ, ನಾನು ಅವರ ಪರವಾಗಿದ್ದೆ.